ಕಂಬಿ, ನೀರು, ಗಾಳಿ: ಶಬ್ದದ ವೇಗವನ್ನು ಮನೆಯಲ್ಲೇ ಅಳೆದು ತಿಳಿಯುವ ಬಗೆ

ಮೋಟರ್ ರಿಪೇರಿ ಮಾಡುವವರು ಬೇರಿಂಗ್ ಸವೆದಿದೆಯೇ ಎಂದು ಪರೀಕ್ಷಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟರಿನ ಮೈಗೆ, ಬೇರಿಂಗ್ ಕೂತಿರುವ ಜಾಗದಲ್ಲಿ ಒತ್ತಿ ಹಿಡಿಯುತ್ತಾರೆ. ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ಅರೆಗಳಿಗೆ ನಿಲ್ಲುತ್ತಾರೆ. ಸುತ್ತಲೂ ಇಡೀ ಯಂತ್ರ ಗದ್ದಲ ಮಾಡುತ್ತಿದ್ದರೂ ಆ ಒಂದು ಬೇರಿಂಗಿನೊಳಗಿನ ಗರಗರ ಸದ್ದು ಅವರಿಗೆ ಬಿಡಿಯಾಗಿ ಕೇಳುತ್ತದೆ. ಗಾಳಿಯ ಮೂಲಕ ಬಂದು ಒಂದರೊಳಗೊಂದು ಬೆರೆತುಹೋಗುತ್ತಿದ್ದ ಸದ್ದುಗಳಲ್ಲಿ ಒಂದನ್ನು ಮಾತ್ರ ಉಕ್ಕಿನ ಕಡ್ಡಿ ಹೆಕ್ಕಿ ತಂದು ಕಿವಿಗೆ ಮುಟ್ಟಿಸುತ್ತದೆ.

ಘನ, ದ್ರವ, ಅನಿಲ ಈ ಮೂರರಲ್ಲೂ ಶಬ್ದ ಸಾಗುತ್ತದೆ, ಘನದಲ್ಲಿ ಅತಿ ವೇಗ, ಅನಿಲದಲ್ಲಿ ಅತಿ ನಿಧಾನ ಎಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದಕ್ಕೆ ಕಾರಣವಾಗಿ ನಮಗೆ ಸಾಮಾನ್ಯವಾಗಿ ಸಿಗುವ ಉತ್ತರ, ಘನವಸ್ತುಗಳಲ್ಲಿ ಕಣಗಳು ಒತ್ತೊತ್ತಾಗಿ ಇರುತ್ತವೆ ಎಂಬುದು. ಈ ಉತ್ತರ ಅರ್ಧ ದಾರಿಗೆ ಮಾತ್ರ ಬರುತ್ತದೆ, ಆಮೇಲೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಣಗಳು ಎಷ್ಟು ಒತ್ತಾಗಿವೆ ಎಂಬುದಕ್ಕಿಂತ, ಒತ್ತಿದಾಗ ಅವು ಎಷ್ಟು ಬಿಗಿಯಾಗಿ ಎದುರು ನಿಲ್ಲುತ್ತವೆ ಎಂಬುದೇ ಶಬ್ದದ ವೇಗವನ್ನು ನಿರ್ಧರಿಸುತ್ತದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಶಿಕ್ಷಕರು, ಪಾಲಕರು ಮತ್ತು ಸ್ವತಃ ಮಾಡಿ ನೋಡುವ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಈ ಮಾತನ್ನು ಕೈಯಾರೆ ಪರೀಕ್ಷಿಸಲು ಅನುಕೂಲವಾಗುವಂತೆ ಕೆಳಗಿನ ಹಂತಗಳನ್ನು ಬರೆದಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಸರಿಯಾಗಿ ಒಂದು ಮೀಟರ್ ಉದ್ದಕ್ಕೆ ಕತ್ತರಿಸಿದ ಅಲ್ಯೂಮಿನಿಯಂ ಅಥವಾ ಉಕ್ಕಿನ ಸರಳು (ಮನೆ ಕಟ್ಟಲು ಬಳಸುವ 10 ಮಿಲಿಮೀಟರ್ ದಪ್ಪದ ಕಂಬಿಯೂ ಆಗುತ್ತದೆ), 50 ಸೆಂಟಿಮೀಟರ್ ಉದ್ದದ ಒಂದು ಇಂಚಿನ ಪಿವಿಸಿ ಪೈಪ್, ಚಿಕ್ಕ ಸುತ್ತಿಗೆ, ಅಳತೆಯ ಟೇಪು, ಎರಡು ಬಲೂನು, ಒಂದು ಬಕೆಟ್ ನೀರು, ಟಿಕ್ ಟಿಕ್ ಎನ್ನುವ ಗಡಿಯಾರ, ಮತ್ತು ಶಬ್ದದ ಆವೃತ್ತಿಯನ್ನು ಹರ್ಟ್ಸ್ ಲೆಕ್ಕದಲ್ಲಿ (ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು) ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡ ಮೊಬೈಲ್ ಫೋನ್.

ಮೊದಲು, ಸಾಗುವುದು ಏನು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ಜಾತ್ರೆಯಲ್ಲಿ ದೇವರ ದರ್ಶನಕ್ಕೆ ಉದ್ದನೆಯ ಸಾಲು ನಿಂತಿರುವಾಗ ಹಿಂದಿನಿಂದ ಯಾರೋ ಒಬ್ಬರು ನೂಕಿದರೆ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಮುಂದಿನವರೆಗೂ ಹೋಗುತ್ತದೆ. ಆದರೆ ನೂಕಿದವರು ತಮ್ಮ ಜಾಗ ಬಿಟ್ಟು ಮುಂದೆ ಹೋಗಿರುವುದಿಲ್ಲ. ಶಬ್ದವೂ ಹೀಗೆಯೇ. ಕಂಪಿಸುವ ವಸ್ತು ತನ್ನ ಪಕ್ಕದ ಕಣಗಳನ್ನು ಒತ್ತುತ್ತದೆ, ಅವು ತಮ್ಮ ಪಕ್ಕದವನ್ನು ಒತ್ತಿ ಹಿಂದಕ್ಕೆ ಮರಳುತ್ತವೆ. ಒತ್ತಾದ ಭಾಗವನ್ನು ಸಂಪೀಡನ ಎಂದೂ, ಸಡಿಲವಾದ ಭಾಗವನ್ನು ವಿರಳನ ಎಂದೂ ಪಠ್ಯಪುಸ್ತಕಗಳು ಕರೆಯುತ್ತವೆ. ಕಣಗಳು ಅಲ್ಲಲ್ಲೇ ತೂಗಾಡುತ್ತವೆ, ಮುಂದಕ್ಕೆ ಸಾಗುವುದು ಒತ್ತಡದ ಏರಿಳಿತ ಮಾತ್ರ.

ಆ ಸಾಲಿನಲ್ಲಿ ನಿಂತವರು ಸಡಿಲವಾಗಿ ನಿಂತಿದ್ದರೆ ನೂಕು ನಿಧಾನವಾಗಿ ದಾಟುತ್ತದೆ. ಮೈ ಬಿಗಿಹಿಡಿದು ನಿಂತಿದ್ದರೆ ತಕ್ಷಣ ದಾಟುತ್ತದೆ. ನಿಂತವರು ದಪ್ಪಗೆ, ಭಾರವಾಗಿ ಇದ್ದರೆ ಅವರನ್ನು ಅಲುಗಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಂದರೆ ನೂಕು ಮತ್ತೆ ನಿಧಾನವಾಗುತ್ತದೆ. ಬಿಗಿತ ವೇಗವನ್ನು ಹೆಚ್ಚಿಸುತ್ತದೆ, ಭಾರ ವೇಗವನ್ನು ತಗ್ಗಿಸುತ್ತದೆ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಹೋಗೋಣ.

ಒಂದನೇ ಹಂತ: ಮೇಜಿಗೆ ಕಿವಿ ಇಟ್ಟು ಕೇಳುವುದು

ಉದ್ದನೆಯ ಮರದ ಮೇಜು ಅಥವಾ ಬೆಂಚಿನ ಒಂದು ತುದಿಗೆ ಕಿವಿ ಆನಿಸಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ಇನ್ನೊಬ್ಬರು ಆ ಕಡೆಯ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಲಿ. ತಲೆ ಎತ್ತಿದರೆ ಏನೇನೂ ಕೇಳದಿದ್ದ ಸದ್ದು, ಕಿವಿ ಮರಕ್ಕೆ ಮುಟ್ಟಿದ ಕೂಡಲೇ ಕಿವಿಯ ಪಕ್ಕದಲ್ಲೇ ಕೆರೆದಂತೆ ಸ್ಪಷ್ಟವಾಗಿ ಕೇಳುತ್ತದೆ.

ಈ ಪ್ರಯೋಗವನ್ನು ತೋರಿಸಿ "ನೋಡಿ, ಘನದಲ್ಲಿ ಶಬ್ದ ವೇಗವಾಗಿ ಸಾಗುತ್ತದೆ" ಎಂದು ಹೇಳುವುದು ರೂಢಿಯಾಗಿದೆ. ದಯವಿಟ್ಟು ಹಾಗೆ ಹೇಳಬೇಡಿ, ಏಕೆಂದರೆ ಇಲ್ಲಿ ಕಂಡದ್ದು ಜೋರು, ವೇಗವಲ್ಲ. ಗಾಳಿಯಲ್ಲಿ ಸದ್ದು ಎಲ್ಲ ದಿಕ್ಕಿಗೂ ಹರಡಿ ಕ್ಷೀಣಿಸುತ್ತದೆ. ಮರದಲ್ಲಾದರೋ ಹಲಗೆಯ ಮಿತಿಯೊಳಗೇ ಉಳಿದು ನೇರವಾಗಿ ತಲೆಬುರುಡೆಗೆ ದಾಟುತ್ತದೆ. ಎರಡು ಮೀಟರ್ ಉದ್ದದ ಬೆಂಚಿನಲ್ಲಿ ಗಾಳಿಯ ದಾರಿಗೆ ಬೇಕಾಗುವುದು ಒಂದು ಸೆಕೆಂಡಿನ ಸಾವಿರದಲ್ಲಿ ಆರು ಭಾಗ, ಮರದ ದಾರಿಗೆ ಅದಕ್ಕಿಂತಲೂ ಬಹಳ ಕಡಿಮೆ. ಈ ವ್ಯತ್ಯಾಸವನ್ನು ಯಾರ ಕಿವಿಯೂ ಬೇರ್ಪಡಿಸಿ ಗುರುತಿಸಲಾರದು.

ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಕೇಳಬೇಕಾದರೆ ದೂರ ಬಹಳ ಇರಬೇಕು. ಫ್ರಾನ್ಸಿನ ವಿಜ್ಞಾನಿ ಜ್ಯಾಂ ಬಾಪ್ಟಿಸ್ಟ್ ಬಿಯೋ 1808ರಲ್ಲಿ ಪ್ಯಾರಿಸ್ಸಿನಲ್ಲಿ ಹಾಸಲಾಗಿದ್ದ 951 ಮೀಟರ್ ಉದ್ದದ ಬೀಡುಕಬ್ಬಿಣದ ನೀರಿನ ಕೊಳವೆಯನ್ನು ಇದಕ್ಕಾಗಿ ಬಳಸಿಕೊಂಡರು. ಒಂದು ತುದಿಯಲ್ಲಿ ಹೊಡೆದ ಒಂದೇ ಪೆಟ್ಟು ಇನ್ನೊಂದು ತುದಿಯಲ್ಲಿ ಎರಡು ಬಾರಿ ಕೇಳಿಸಿತು, ಮೊದಲು ಕಬ್ಬಿಣದ ಮೂಲಕ, ಸುಮಾರು ಎರಡೂವರೆ ಸೆಕೆಂಡಿನ ನಂತರ ಕೊಳವೆಯೊಳಗಿನ ಗಾಳಿಯ ಮೂಲಕ. ಕಬ್ಬಿಣದಲ್ಲಿ ಶಬ್ದ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ ಎಂಬುದು ಹೀಗೆ ಅಳತೆಗೆ ಸಿಕ್ಕಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರೈಲು ಹಳಿಗೆ ಕಿವಿ ಇಟ್ಟು ದೂರದ ರೈಲಿನ ಸದ್ದು ಕೇಳುವ ಕಥೆಯನ್ನು ಮಕ್ಕಳಿಗೆ ಉದಾಹರಣೆಯಾಗಿ ಹೇಳುವವರು, ಅದನ್ನು ಮಾಡಿ ನೋಡಬಾರದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ಹತ್ತಿರ ಬರುತ್ತದೆ, ಹಳಿಯ ಮೇಲೆ ತಲೆ ಇಟ್ಟವರಿಗೆ ಪಕ್ಕದ ಹಳಿಯ ರೈಲು ಯಾವುದು, ಈ ಹಳಿಯದು ಯಾವುದು ಎಂದು ತಿಳಿಯುವುದಿಲ್ಲ. ಶಾಲೆಯ ಆವರಣದ ಕಬ್ಬಿಣದ ಬೇಲಿಯೋ, ಮಹಡಿಯ ಮೆಟ್ಟಿಲಿನ ಕೈಪಿಡಿಯೋ ಇದೇ ಪಾಠಕ್ಕೆ ಧಾರಾಳವಾಗಿ ಸಾಕು.

ಎರಡನೇ ಹಂತ: ಕಂಬಿ ಮತ್ತು ಪೈಪು

ಈ ಲೇಖನದಲ್ಲಿ ಒಂದೇ ಒಂದು ಪ್ರಯೋಗ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನೇ ಮಾಡಿ. ಕಿಲೋಮೀಟರ್ ಉದ್ದದ ಕೊಳವೆಯ ಅಗತ್ಯವಿಲ್ಲದೆ, ಒಂದು ಮೀಟರ್ ಕಂಬಿಯಲ್ಲೇ ಘನದೊಳಗಿನ ಶಬ್ದದ ವೇಗವನ್ನು ಇದರಿಂದ ಅಳೆಯಬಹುದು.

ಒಂದು ಮೀಟರ್ ಉದ್ದದ ಸರಳಿನ ನಟ್ಟನಡುವೆ, ಅಂದರೆ 50 ಸೆಂಟಿಮೀಟರಿಗೆ, ಸೀಸದ ಕಡ್ಡಿಯಿಂದ ಗುರುತು ಹಾಕಿ. ಆ ಗುರುತಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾತ್ರ ಸರಳನ್ನು ಹಿಡಿದು, ಉಳಿದ ಬೆರಳುಗಳು ತಾಗದಂತೆ ಅಡ್ಡಲಾಗಿ ತೂಗುಹಾಕಿ. ಈಗ ಸುತ್ತಿಗೆಯಿಂದ ಸರಳಿನ ಪಕ್ಕಕ್ಕೆ ಹೊಡೆಯದೆ, ಅದರ ತುದಿಯ ಮುಖಕ್ಕೆ, ಉದ್ದದ ದಿಕ್ಕಿನಲ್ಲೇ ಚಿಕ್ಕದೊಂದು ಪೆಟ್ಟು ಕೊಡಿ. "ಠಣ್" ಎಂಬ ಸದ್ದು ಅಡಗಿದ ಮೇಲೂ ತೆಳ್ಳಗೆ, ಎತ್ತರದ ಶ್ರುತಿಯಲ್ಲಿ "ಈಂ" ಎಂದು ಒಂದು ನಾದ ಕೆಲವು ಸೆಕೆಂಡು ಉಳಿಯುತ್ತದೆ. ಫೋನನ್ನು ಸರಳಿನ ಇನ್ನೊಂದು ತುದಿಯ ಹತ್ತಿರ ಹಿಡಿದರೆ ಆ್ಯಪಿನಲ್ಲಿ ಸುಮಾರು 2,500 ಹರ್ಟ್ಸ್ ಆಸುಪಾಸಿನಲ್ಲಿ ಚೂಪಾದ ಒಂದು ಗೆರೆ ಎದ್ದು ನಿಲ್ಲುವುದು ಕಾಣುತ್ತದೆ.

ಆ ಸಂಖ್ಯೆಯ ಅರ್ಥ ಇಷ್ಟು. ನೀವು ತುದಿಗೆ ಕೊಟ್ಟ ಒತ್ತು ಸರಳಿನುದ್ದಕ್ಕೂ ಓಡಿ ಆಚೆಯ ತುದಿ ಮುಟ್ಟಿ ಹಿಂದಿರುಗುತ್ತದೆ, ಮತ್ತೆ ಓಡುತ್ತದೆ. ಒಂದು ಸಲ ಹೋಗಿ ಬಂದರೆ ಎರಡು ಮೀಟರ್ ದಾರಿ, ಅದೇ ಒಂದು ಕಂಪನ. ಸೆಕೆಂಡಿಗೆ 2,550 ಕಂಪನ ಎಂದು ಫೋನ್ ತೋರಿಸಿದರೆ, 2,550 ಗುಣಿಲೆ 2, ಅಂದರೆ ಸೆಕೆಂಡಿಗೆ 5,100 ಮೀಟರ್. ಉಕ್ಕಿನ ಅಥವಾ ಅಲ್ಯೂಮಿನಿಯಂ ಸರಳಿನಲ್ಲಿ ಶಬ್ದದ ವೇಗ ಇದರ ಹತ್ತಿರಕ್ಕೇ ಬರುತ್ತದೆ. ಕೆಲವು ಪುಸ್ತಕಗಳಲ್ಲಿ ಉಕ್ಕಿಗೆ 5,960 ಎಂಬ ಸಂಖ್ಯೆ ಇರುವುದನ್ನು ನೋಡಿ ನಿಮ್ಮ ಅಳತೆ ತಪ್ಪೆಂದು ಭಾವಿಸಬೇಡಿ. ಅದು ದೊಡ್ಡ ಉಕ್ಕಿನ ಗಟ್ಟಿಯೊಳಗಿನ ವೇಗ. ತೆಳ್ಳನೆಯ ಸರಳನ್ನು ಉದ್ದಕ್ಕೆ ಒತ್ತಿದಾಗ ಅದು ಪಕ್ಕಕ್ಕೆ ಅತಿ ಸ್ವಲ್ಪ ಉಬ್ಬಬಲ್ಲದಾದ್ದರಿಂದ ಅಷ್ಟರಮಟ್ಟಿಗೆ ಅದರ ಬಿಗಿತ ಕಡಿಮೆಯಾಗುತ್ತದೆ, ವೇಗವೂ ಕಡಿಮೆಯಾಗುತ್ತದೆ.

ಈಗ ಪೈಪನ್ನು ತೆಗೆದುಕೊಳ್ಳಿ. 50 ಸೆಂಟಿಮೀಟರ್ ಪೈಪಿನ ಒಂದು ಬಾಯಿಗೆ ಅಂಗೈಯಿಂದ ತಟ್ಟಿ, ಕೈಯನ್ನು ಹಾಗೇ ಒತ್ತಿ ಹಿಡಿದುಕೊಳ್ಳಿ. ಫೋನ್ ತೆರೆದ ಬಾಯಿಯ ಹತ್ತಿರ ಇರಲಿ. "ಡುಬ್" ಎಂಬ ಸದ್ದಿನೊಂದಿಗೆ 170 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಗೆರೆ ಏಳುತ್ತದೆ. ಮುಚ್ಚಿದ ತುದಿಗೆ ಬಡಿದ ಸಂಪೀಡನ ಸಂಪೀಡನವಾಗಿಯೇ ಮರಳುತ್ತದೆ, ತೆರೆದ ತುದಿಯಲ್ಲಾದರೆ ವಿರಳನವಾಗಿ ಮರಳುತ್ತದೆ. ಆದ್ದರಿಂದ ಮೊದಲಿನ ಸ್ಥಿತಿಗೆ ಬರಲು ಅದು ಎರಡು ಸಲ ಹೋಗಿ ಬರಬೇಕು. ಅರ್ಧ ಮೀಟರಿನ ನಾಲ್ಕು ಪಟ್ಟು, ಅಂದರೆ ಇಲ್ಲಿಯೂ ಎರಡು ಮೀಟರ್ ದಾರಿ. ತೆರೆದ ಬಾಯಿಯ ಆಚೆಗೂ ಗಾಳಿ ಸ್ವಲ್ಪ ಕಂಪಿಸುವುದರಿಂದ ಪೈಪಿನ ಒಳಗಿನ ತ್ರಿಜ್ಯದ 0.6 ಭಾಗವನ್ನು ಉದ್ದಕ್ಕೆ ಸೇರಿಸಿಕೊಳ್ಳಬೇಕು. ಒಂದು ಇಂಚಿನ ಪೈಪಿಗೆ ಅದು ಮುಕ್ಕಾಲು ಸೆಂಟಿಮೀಟರಿನಷ್ಟು. ಆಗ 4 ಗುಣಿಲೆ 0.5075 ಗುಣಿಲೆ 170, ಅಂದರೆ ಸೆಕೆಂಡಿಗೆ 345 ಮೀಟರ್.

ಎರಡೂ ಕಡೆ ದಾರಿ ಎರಡೆರಡು ಮೀಟರ್ ಇರುವಂತೆ ಉದ್ದಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಲೆಕ್ಕವೇ ಬೇಡ ಎನ್ನುವ ಐದನೆಯ ತರಗತಿಯ ಮಗುವೂ ಕಂಬಿಯ ಕೀರಲು ನಾದವನ್ನೂ ಪೈಪಿನ ಮಂದ ಸದ್ದನ್ನೂ ಒಂದರ ಹಿಂದೆ ಒಂದು ಕೇಳಿ, ಅದೇ ದಾರಿಯನ್ನು ಲೋಹದಲ್ಲಿ ಸದ್ದು ಹದಿನೈದು ಪಟ್ಟು ಬೇಗ ಮುಗಿಸುತ್ತದೆ ಎಂಬುದನ್ನು ಕಿವಿಯಿಂದಲೇ ಗ್ರಹಿಸಬಹುದು.

ಫಲಿತಾಂಶ ಸರಿಬರದಿದ್ದರೆ ನೋಡಬೇಕಾದ ಸಂಗತಿಗಳು ಕೆಲವಿವೆ. ಕಂಬಿಯ ನಾದ ತಕ್ಷಣ ಸತ್ತುಹೋದರೆ ಹಿಡಿತ ನಡುಬಿಂದುವಿನಲ್ಲಿ ಇಲ್ಲವೆಂದು ಅರ್ಥ. ನಡುವಿನಲ್ಲಿ ಸರಳು ಅಲುಗುವುದಿಲ್ಲವಾದ್ದರಿಂದ ಅಲ್ಲಿ ಹಿಡಿದಾಗ ಮಾತ್ರ ಬೆರಳು ನಾದವನ್ನು ನುಂಗುವುದಿಲ್ಲ. ಕೆಳಶ್ರುತಿಯ ಹಲವು ಗೆರೆಗಳು ಕಂಡರೆ ಪೆಟ್ಟು ಓರೆಯಾಗಿ ಬಿದ್ದು ಸರಳು ಬಾಗುತ್ತಿದೆ ಎಂದರ್ಥ. ಅಳತೆ ನಂಬಬಹುದೇ ಎಂಬ ಅನುಮಾನ ಬಂದರೆ ಅರ್ಧ ಮೀಟರಿನ ಇನ್ನೊಂದು ತುಂಡನ್ನು ತೆಗೆದುಕೊಂಡು ಹೊಡೆದು ನೋಡಿ. ಆವೃತ್ತಿ ಸುಮಾರು 5,000ಕ್ಕೆ, ಅಂದರೆ ಎರಡು ಪಟ್ಟಿಗೆ ಏರಬೇಕು. ಪೈಪಿನಿಂದ ಅಂಗೈಯನ್ನು ಬೇಗ ಎತ್ತಿಬಿಟ್ಟರೆ ಅದು ಎರಡೂ ಕಡೆ ತೆರೆದ ಪೈಪಾಗಿ, 170ರ ಬದಲು ಅದರ ಎರಡರಷ್ಟರ ಹತ್ತಿರದ ಸಂಖ್ಯೆ ಕಾಣುತ್ತದೆ.

ಮೂರನೇ ಹಂತ: ಒತ್ತೊತ್ತಾಗಿರುವುದು ಕಾರಣವಲ್ಲ ಎಂಬುದರ ಲೆಕ್ಕ

ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದರೆ ಶಬ್ದದ ವೇಗ ಸಿಗುತ್ತದೆ. ಸೂತ್ರ ಇಷ್ಟೇ. ಸಾಂದ್ರತೆ ಛೇದದಲ್ಲಿದೆ ಎಂಬುದನ್ನು ಗಮನಿಸಿ: ಉಳಿದದ್ದೆಲ್ಲ ಒಂದೇ ಆಗಿದ್ದರೆ, ಹೆಚ್ಚು ಸಾಂದ್ರವಾದ ವಸ್ತುವಿನಲ್ಲಿ ಶಬ್ದ ನಿಧಾನವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ.

ನೀರು ಮತ್ತು ಗಾಳಿಯನ್ನೇ ಹೋಲಿಸಿ. ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರವಾಗಿದೆ. ಕೇವಲ ಇದೊಂದನ್ನೇ ಲೆಕ್ಕಕ್ಕೆ ಹಿಡಿದರೆ ನೀರಿನಲ್ಲಿ ಶಬ್ದ ತೆವಳಬೇಕಾಗಿತ್ತು. ಆದರೆ ಹಿಂಡಿ ಕುಗ್ಗಿಸುವ ವಿಷಯಕ್ಕೆ ಬಂದರೆ ನೀರು ಗಾಳಿಗಿಂತ ಸುಮಾರು 15,500 ಪಟ್ಟು ಬಿಗಿ. ಸೂಜಿ ತೆಗೆದ ಸಿರಿಂಜಿನಲ್ಲಿ ಗಾಳಿ ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ದಂಡ ಸಲೀಸಾಗಿ ಒಳಗೆ ಹೋಗುತ್ತದೆ. ಗಾಳಿಯ ಗುಳ್ಳೆ ಇಲ್ಲದಂತೆ ನೀರು ತುಂಬಿ ಒತ್ತಿದರೆ ಕದಲುವುದೇ ಇಲ್ಲ. ಈ ಒಂದು ನಿಮಿಷದ ಪರೀಕ್ಷೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ. 15,500ನ್ನು 830ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೆ ತುಸು ಕಡಿಮೆ, ಅದರ ವರ್ಗಮೂಲ 4.3. ಗಾಳಿಯ 343ನ್ನು 4.3ರಿಂದ ಗುಣಿಸಿದರೆ 1,480 ಹತ್ತಿರ ಬರುತ್ತದೆ. 20 ಡಿಗ್ರಿ ಉಷ್ಣತೆಯ ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,482 ಮೀಟರ್.

ಇನ್ನೂ ಕೆಲವು ಜೋಡಿಗಳನ್ನು ಎದುರುಬದುರು ಇಟ್ಟರೆ ಸಂಶಯ ಪೂರ್ತಿ ಹೋಗುತ್ತದೆ. ಸೀಸ ಉಕ್ಕಿಗಿಂತ ಹೆಚ್ಚು ಸಾಂದ್ರ, ಆದರೆ ಉಗುರಿನಿಂದ ಗೀರು ಹಾಕಬಹುದಾದಷ್ಟು ಮೆತು. ಸೀಸದ ತೆಳು ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,200 ಮೀಟರ್, ಅಂದರೆ ಉಕ್ಕಿನ ಕಾಲು ಭಾಗದಷ್ಟೂ ಇಲ್ಲ, ನೀರಿಗಿಂತಲೂ ಕಡಿಮೆ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದರೂ ಅದರಲ್ಲಿನ ವೇಗ ಸುಮಾರು 1,450, ಬಹುಪಾಲು ನೀರಿನಷ್ಟೇ. ಮೆತ್ತನೆಯ ರಬ್ಬರಿನ ಪಟ್ಟಿಯ ಉದ್ದಕ್ಕೆ ಶಬ್ದ ಗಾಳಿಗಿಂತಲೂ ನಿಧಾನವಾಗಿ ಸಾಗಬಲ್ಲದು. ಅನಿಲಗಳ ಕಡೆಗೆ ತಿರುಗಿದರೆ, ಒಂದೇ ಒತ್ತಡದಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡರ ಬಿಗಿತ ಹೆಚ್ಚುಕಡಿಮೆ ಒಂದೇ. ಹೈಡ್ರೋಜನ್ ಹದಿನಾರು ಪಟ್ಟು ಹಗುರ. ಹದಿನಾರರ ವರ್ಗಮೂಲ ನಾಲ್ಕು. ಸೊನ್ನೆ ಡಿಗ್ರಿಯಲ್ಲಿ ಆಕ್ಸಿಜನ್ನಿನಲ್ಲಿ ಶಬ್ದದ ವೇಗ 316 ಮೀಟರ್ ಆಸುಪಾಸು, ಹೈಡ್ರೋಜನ್ನಿನಲ್ಲಿ ಅದರ ನಾಲ್ಕು ಪಟ್ಟು.

ಬಿಗಿತವನ್ನು ಲೆಕ್ಕ ಹಾಕುವಲ್ಲಿ ನ್ಯೂಟನ್ನರಂಥವರೂ ಒಮ್ಮೆ ಎಡವಿದ್ದುಂಟು. 1687ರಲ್ಲಿ ಅವರು ಗಾಳಿಯಲ್ಲಿ ಶಬ್ದದ ವೇಗವನ್ನು ಸಿದ್ಧಾಂತದಿಂದ ಪಡೆದಾಗ ಉತ್ತರ ನಿಜಕ್ಕಿಂತ ಸುಮಾರು ಶೇಕಡಾ 15ರಷ್ಟು ಕಡಿಮೆ ಬಂತು. ಸಂಪೀಡನದಲ್ಲಿ ಗಾಳಿ ಕ್ಷಣಕಾಲ ಬಿಸಿಯಾಗುತ್ತದೆ, ಆ ಶಾಖ ಹೊರಗೆ ಹೋಗಲು ಸಮಯವೇ ಇರುವುದಿಲ್ಲ, ಆದ್ದರಿಂದ ಗಾಳಿ ಅಂದುಕೊಂಡದ್ದಕ್ಕಿಂತ ಹೆಚ್ಚು ಬಿಗಿಯಾಗಿ ವರ್ತಿಸುತ್ತದೆ ಎಂಬುದನ್ನು 1816ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ತೋರಿಸಿದ ಮೇಲೆಯೇ ಲೆಕ್ಕ ಕೂಡಿಬಂತು. ಸೈಕಲ್ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ನಾಲ್ಕನೇ ಹಂತ: ಗಾಳಿಯ ಉಷ್ಣತೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ

ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ 331 ಮೀಟರ್. ಉಷ್ಣತೆ ಒಂದು ಡಿಗ್ರಿ ಏರಿದಂತೆ 0.6 ಮೀಟರ್ ಕೂಡಿಸಿಕೊಳ್ಳಿ. ಚಳಿಗಾಲದ ಮುಂಜಾನೆ 15 ಡಿಗ್ರಿ ಇರುವ ಚಿಕ್ಕಮಗಳೂರಿನಲ್ಲಿ 340, ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುವ ರಾಯಚೂರಿನಲ್ಲಿ 355. ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿರುವುದರಿಂದ ಶಬ್ದ ನಿಧಾನವಾಗುತ್ತದೆ ಎಂಬ ಮಾತು ಮಾತ್ರ ಸರಿಯಲ್ಲ. ಮೇಲೆ ಹೋದಂತೆ ಸಾಂದ್ರತೆಯೊಂದಿಗೆ ಒತ್ತಡವೂ, ಅದರೊಂದಿಗೆ ಬಿಗಿತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಉಷ್ಣತೆ ಒಂದೇ ಇದ್ದರೆ ಮುಳ್ಳಯ್ಯನಗಿರಿಯ ತುದಿಯಲ್ಲೂ ಮಂಗಳೂರಿನ ಕಡಲತೀರದಲ್ಲೂ ವೇಗ ಒಂದೇ.

ಬಯಲಿನಲ್ಲಿ ಪರೀಕ್ಷಿಸಬೇಕೆಂದರೆ ದೊಡ್ಡದಾದ ಒಂದೇ ಗೋಡೆಯಿಂದ 85 ಮೀಟರ್ ದೂರ ಅಳೆದು ನಿಲ್ಲಿ. ಚಪ್ಪಾಳೆ ಹೊಡೆದು, ಅದರ ಪ್ರತಿಧ್ವನಿ ಬರುವ ಕ್ಷಣಕ್ಕೆ ಸರಿಯಾಗಿ ಮುಂದಿನ ಚಪ್ಪಾಳೆ ಬೀಳುವಂತೆ ಲಯ ಹಿಡಿಯಿರಿ. ತಾಳ ಹಾಕಿ ಅಭ್ಯಾಸವಿರುವವರಿಗೆ ಇದು ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ. ಲಯ ಕೂತ ಮೇಲೆ ಒಂದು ಚಪ್ಪಾಳೆಯನ್ನು ಸೊನ್ನೆ ಎಂದು ಎಣಿಸಿ ಇಪ್ಪತ್ತರವರೆಗೆ ಎಷ್ಟು ಹೊತ್ತಾಯಿತೆಂದು ಫೋನಿನ ಸ್ಟಾಪ್‌ವಾಚಿನಲ್ಲಿ ನೋಡಿ. ಹತ್ತು ಸೆಕೆಂಡಿಗೆ ತುಸು ಕಡಿಮೆ ಬರಬೇಕು. 20 ಗುಣಿಲೆ 170, ಅಂದರೆ 3,400 ಮೀಟರನ್ನು ಆ ಸಮಯದಿಂದ ಭಾಗಿಸಿದರೆ ವೇಗ.

ಐದನೇ ಹಂತ: ನೀರು

ನೀರಿನಲ್ಲಿ ಶಬ್ದದ ವೇಗವನ್ನು ಬಕೆಟ್ಟಿನಲ್ಲಿ ಅಳೆಯಲಾಗುವುದಿಲ್ಲ. ಅದಕ್ಕೊಂದು ಸರೋವರವೇ ಬೇಕಾಯಿತು. 1826ರಲ್ಲಿ ಸ್ವಿಟ್ಜರ್ಲೆಂಡಿನ ದಾನಿಯೆಲ್ ಕೊಲಾದೋನ್ ಮತ್ತು ಗಣಿತಜ್ಞ ಶಾರ್ಲ್ ಸ್ಟರ್ಮ್ ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು ಸುಮಾರು ಹದಿಮೂರೂವರೆ ಕಿಲೋಮೀಟರ್ ಅಂತರದಲ್ಲಿ ನಿಲ್ಲಿಸಿದರು. ಒಂದು ದೋಣಿಯ ಕೆಳಗೆ ನೀರಿನಲ್ಲಿ ಗಂಟೆಯೊಂದನ್ನು ಇಳಿಬಿಡಲಾಗಿತ್ತು. ಅದಕ್ಕೆ ಪೆಟ್ಟು ಬಿದ್ದ ಕ್ಷಣದಲ್ಲೇ ದೋಣಿಯ ಮೇಲೆ ಮದ್ದಿನಪುಡಿ ಭಗ್ಗೆಂದು ಉರಿಯುವಂತೆ ಏರ್ಪಾಡು ಮಾಡಿದ್ದರು. ಇನ್ನೊಂದು ದೋಣಿಯಲ್ಲಿ ಕೊಲಾದೋನ್ ನೀರಿನೊಳಗೆ ಇಳಿಸಿದ ಉದ್ದನೆಯ ಕೊಳವೆಗೆ ಕಿವಿ ಕೊಟ್ಟು, ಕತ್ತಲಲ್ಲಿ ಬೆಳಕು ಕಂಡದ್ದಕ್ಕೂ ಗಂಟೆ ಕೇಳಿದ್ದಕ್ಕೂ ನಡುವಿನ ಸಮಯವನ್ನು ಅಳೆದರು. 8 ಡಿಗ್ರಿ ಉಷ್ಣತೆಯ ಆ ನೀರಿನಲ್ಲಿ ಸಿಕ್ಕ ವೇಗ ಸೆಕೆಂಡಿಗೆ 1,435 ಮೀಟರ್. ಇಂದಿನ ಸೂಕ್ಷ್ಮ ಉಪಕರಣಗಳ ಅಳತೆಗೂ ಅದಕ್ಕೂ ಕೆಲವೇ ಮೀಟರುಗಳ ವ್ಯತ್ಯಾಸ.

ಮನೆಯಲ್ಲಿ ಮಾಡಬಹುದಾದದ್ದು ನೀರು ಶಬ್ದವನ್ನು ಚೆನ್ನಾಗಿ ದಾಟಿಸುತ್ತದೆ ಎಂಬುದರ ಪರೀಕ್ಷೆ. ಒಂದು ಬಲೂನಿಗೆ ಗಾಳಿ, ಇನ್ನೊಂದಕ್ಕೆ ನೀರು ಒಂದೇ ಗಾತ್ರಕ್ಕೆ ತುಂಬಿ, ಸರದಿಯಂತೆ ಕಿವಿಗೆ ಒತ್ತಿ, ಆಚೆ ಬದಿಗೆ ಗಡಿಯಾರವನ್ನು ಮುಟ್ಟಿಸಿ ಕೇಳಿ. ಈಜು ಬಲ್ಲವರು, ದೊಡ್ಡವರ ಜೊತೆಯಲ್ಲಿ, ಕೆರೆಯಲ್ಲೋ ಕೊಳದಲ್ಲೋ ತಲೆ ಮುಳುಗಿಸಿ ಇನ್ನೊಬ್ಬರು ನೀರಿನೊಳಗೆ ಎರಡು ಕಲ್ಲು ಕುಟ್ಟುವುದನ್ನು ಕೇಳಬಹುದು. ಆ "ಟಕ್" ಸದ್ದು ತಲೆಯ ಒಳಗೇ ಹುಟ್ಟಿದಂತೆ ಕೇಳುತ್ತದೆ, ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗುವುದಿಲ್ಲ. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲುಪುವ ಸಮಯದ ಅಂತರದಿಂದ ಮಿದುಳು ದಿಕ್ಕನ್ನು ಗುರುತಿಸುತ್ತದೆ. ನೀರಿನಲ್ಲಿ ವೇಗ ನಾಲ್ಕು ಪಟ್ಟಿಗೂ ಹೆಚ್ಚಾದ್ದರಿಂದ ಆ ಅಂತರ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ, ಜೊತೆಗೆ ತಲೆಬುರುಡೆಯೂ ಸದ್ದನ್ನು ನೇರವಾಗಿ ಒಯ್ಯುತ್ತದೆ.

ಆರನೇ ಹಂತ: ಗಡಿಯಲ್ಲಿ ಏನಾಗುತ್ತದೆ

ನೀರಿನಲ್ಲಿ ಮುಳುಗಿರುವವರಿಗೆ ದಡದಲ್ಲಿ ನಿಂತು ಎಷ್ಟು ಕೂಗಿದರೂ ಕೇಳುವುದಿಲ್ಲ. ಗಾಳಿಯೂ ಶಬ್ದವನ್ನು ಒಯ್ಯುತ್ತದೆ, ನೀರೂ ಒಯ್ಯುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಷ್ಟ. ಸಾಂದ್ರತೆಯನ್ನೂ ವೇಗವನ್ನೂ ಗುಣಿಸಿದರೆ ಬರುವ ಸಂಖ್ಯೆ ಎರಡು ಮಾಧ್ಯಮಗಳಲ್ಲಿ ಎಷ್ಟು ಬೇರೆಯಾಗಿರುತ್ತದೋ ಅಷ್ಟು ಹೆಚ್ಚು ಶಬ್ದ ಗಡಿಯಲ್ಲೇ ಪ್ರತಿಫಲಿಸುತ್ತದೆ. ಗಾಳಿಯಿಂದ ನೀರಿಗೆ ದಾಟುವ ಶಕ್ತಿ ಸಾವಿರದಲ್ಲಿ ಒಂದು ಭಾಗ ಮಾತ್ರ.

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಎರಡೂ ಕಡೆ ಒತ್ತಿ ಹಿಡಿಯುವುದು ಇದಕ್ಕಾಗಿಯೇ. ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸದ್ದು ಅಲ್ಲೇ ನಿಲ್ಲುತ್ತದೆ. ಗರ್ಭಿಣಿಯ ಹೊಟ್ಟೆಗೆ ಸ್ಕ್ಯಾನಿಂಗ್ ಮಾಡುವ ಮೊದಲು ತಣ್ಣನೆಯ ಜೆಲ್ ಹಚ್ಚುವುದೂ ಉಪಕರಣಕ್ಕೂ ಚರ್ಮಕ್ಕೂ ನಡುವಿನ ಗಾಳಿಯನ್ನು ಹೊರಗಟ್ಟಲಿಕ್ಕೇ. ದೇಹದ ಮೃದು ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರ್ ಎಂದು ಹಿಡಿದು, ಪ್ರತಿಫಲನ ಮರಳಲು ಬೇಕಾದ ಸಮಯದಿಂದ ಯಂತ್ರ ಆಳವನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುತ್ತದೆ.

ಇದೇ ಪ್ರತಿಫಲನದ ಭವ್ಯವಾದ ಉದಾಹರಣೆ ವಿಜಯಪುರದ ಗೋಳಗುಮ್ಮಟ. 1656ರ ಹೊತ್ತಿಗೆ ಪೂರ್ಣಗೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗ್ಯಾಲರಿಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಸದ್ದು ಗೋಡೆಯೊಳಗೆ ದಾಟದೆ, ಬಾಗಿದ ಮೈಯನ್ನೇ ಸವರಿಕೊಂಡು ಪ್ರತಿಫಲಿಸುತ್ತಾ ಎದುರು ಬದಿಗೆ ತಲುಪುತ್ತದೆ. ಸುತ್ತಿನ ಅರ್ಧ ದಾರಿ ಸುಮಾರು 60 ಮೀಟರ್. ಬಯಲಿನಲ್ಲಿ ಅಷ್ಟು ದೂರದ ಪಿಸುಮಾತು ಯಾರಿಗೂ ಕೇಳದು. ಇಂಥ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಸಿ. ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಅಧ್ಯಯನ ನಡೆಸಿದ್ದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಮೇಲು. ಜನ ಸೇರಿ ಕೂಗಾಟ ಶುರುವಾದ ಮೇಲೆ ಆ ಸೂಕ್ಷ್ಮ ಸಿಗುವುದಿಲ್ಲ.

ಏಳನೇ ಹಂತ: ಮಾಧ್ಯಮವೇ ಇಲ್ಲದಿದ್ದರೆ

ನಿರ್ವಾತದಲ್ಲಿ ಒತ್ತುವುದಕ್ಕೆ ಕಣಗಳೇ ಇಲ್ಲವಾದ್ದರಿಂದ ಶಬ್ದ ಸಾಗದು. 1660ರಲ್ಲಿ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗೆ ಗಡಿಯಾರವನ್ನು ದಾರದಿಂದ ತೂಗುಹಾಕಿ, ಗಾಳಿಯನ್ನು ಹೊರತೆಗೆದಂತೆ ಅದರ ಸದ್ದು ಅಡಗಿದ್ದನ್ನು ವರದಿ ಮಾಡಿದರು. ನಿಮ್ಮ ಶಾಲೆಯಲ್ಲಿ ನಿರ್ವಾತ ಪಂಪು ಇದ್ದರೆ ಗಂಟೆಯನ್ನು ಮೆತ್ತನೆಯ ದಾರದಿಂದಲೇ ತೂಗುಹಾಕಿ. ತಳಕ್ಕೆ ತಾಗಿದರೆ ಸದ್ದು ಘನದ ದಾರಿ ಹಿಡಿದು ಹೊರಗೆ ಬರುತ್ತದೆ. ಗಾಜಿನ ಸೀಸೆಯಲ್ಲಿ ನೀರು ಕುದಿಸಿ ಬಿರಡೆ ಹಾಕಿ ನಿರ್ವಾತ ಮಾಡುವ ವಿಧಾನವನ್ನು ಮನೆಯಲ್ಲಿ ಪ್ರಯತ್ನಿಸಬೇಡಿ, ಸೀಸೆ ಒಡೆದು ಅಪಾಯವಾಗಬಹುದು.

ಕೊನೆಯ ಹಂತ: ಘನಕ್ಕೆ ಮಾತ್ರ ಸಾಧ್ಯವಾದ ಅಲೆ

ಇಲ್ಲಿಯವರೆಗೆ ನೋಡಿದ್ದು ಒತ್ತಿನ ಅಲೆ, ಅದು ಮೂರೂ ಸ್ಥಿತಿಗಳಲ್ಲಿ ಸಾಗುತ್ತದೆ. ಘನವಸ್ತುವಿಗೆ ಇನ್ನೊಂದು ಬಗೆಯ ಬಿಗಿತವೂ ಇದೆ: ಪದರಗಳನ್ನು ಪಕ್ಕಕ್ಕೆ ಜರುಗಿಸಲು ಹೋದರೆ ಅದು ಮೊದಲಿನ ಆಕಾರಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕಣಗಳು ಅಡ್ಡಡ್ಡ ಅಲುಗುವ ಅಡ್ಡ ಅಲೆಯೂ ಘನದೊಳಗೆ ಸಾಗಬಲ್ಲದು. ನೀರು, ಗಾಳಿಗಳಿಗೆ ಸ್ವಂತ ಆಕಾರವಿಲ್ಲ. ಜರುಗಿಸಿದರೆ ಜರುಗಿಬಿಡುತ್ತವೆ, ಹಾಗಾಗಿ ಅವುಗಳೊಳಗೆ ಈ ಅಲೆ ಸಾಗದು. ಭೂಕಂಪದ ಅಡ್ಡ ಅಲೆಗಳು ಭೂಮಿಯ ಹೊರ ತಿರುಳನ್ನು ದಾಟಿ ಬರುವುದಿಲ್ಲ ಎಂಬುದರಿಂದಲೇ ಅದು ದ್ರವವಾಗಿದೆ ಎಂದು ತಿಳಿಯಿತು; ಅದರೊಳಗೆ ಪ್ರತ್ಯೇಕವಾದ ಒಳ ತಿರುಳೊಂದಿದೆ ಎಂಬುದನ್ನು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮಾನ್ ಒತ್ತಿನ ಅಲೆಗಳ ದಾಖಲೆಗಳನ್ನು ಪರಿಶೀಲಿಸಿ ಹೇಳಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು 1960ರ ದಶಕದಿಂದ ಈ ಎರಡೂ ಬಗೆಯ ಅಲೆಗಳನ್ನು ದಾಖಲಿಸುತ್ತಾ ಬಂದಿದೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಸಿಗುತ್ತದೆ. ಭೂಕಂಪಕ್ಕೂ ಇಂಥದೇ ಲೆಕ್ಕವಿದೆ. ಬಂಡೆಯಲ್ಲಿ ಒತ್ತಿನ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಅಡ್ಡ ಅಲೆ ಸುಮಾರು 3.5 ಕಿಲೋಮೀಟರ್ ಸಾಗುತ್ತದೆ. ಮೊದಲ ಸಣ್ಣ ನಡುಕಕ್ಕೂ ಆಮೇಲಿನ ಜೋರಾದ ಅಲುಗಾಟಕ್ಕೂ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ, ತೀರ ದೂರವಲ್ಲದ ಭೂಕಂಪ ಎಷ್ಟು ಕಿಲೋಮೀಟರ್ ಆಚೆ ಹುಟ್ಟಿತೆಂಬ ಅಂದಾಜು ಸಿಗುತ್ತದೆ. ಹಾಗೆ ಎಣಿಸುವ ಸಂದರ್ಭ ಬಂದರೆ, ಮೊದಲು ನಿಮ್ಮ ಸುರಕ್ಷತೆ ನೋಡಿಕೊಂಡು, ಅಲುಗಾಟ ನಿಂತ ಮೇಲೆಯೇ ಲೆಕ್ಕಕ್ಕೆ ಕೈಹಾಕಿ.